ಅರ್ಧ ತಲೆಯ ಮುಂಜಿವಿ

ನಾನು ಚಿಕ್ಕವನಿದ್ದಾಗ ಸಿಟ್ಟು ಬಂದರೆ ಅಳುತ್ತಿದ್ದೆ. ಅಳದೆ ಸಿಟ್ಟಾಗಿದ್ದು ಒಂದೇ ದಿನ, ನನ್ನ ಮುಂಜಿವಿಯ, ಅಂದರೆ ಉಪನಯನದ ದಿನ.

ಧಾರವಾಡದಿಂದ ವರ್ಗವಾಗಿ ಬಂದ ಅಪ್ಪನಿಗೆ ನಾಗಪುರದಲ್ಲಿ ಬ್ಯಾಂಕಿನ ಕೆಲಸ. ನಮ್ಮ ಮನೆ ಲಕ್ಷ್ಮೀ ನಗರದಲ್ಲಿ. ಅಲ್ಲಿನ ಚೌಕದಲ್ಲಿ ಒಂದು ಕ್ಷೌರದಂಗಡಿಯಿತ್ತು. ಅದರ ಯಜಮಾನರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅಪ್ಪ ಭಾನುವಾರ ತಪ್ಪದೆ ಅಲ್ಲಿ ಕುಳಿತು, ಕತ್ತು ಹಿಂದಕ್ಕೆ ಚಾಚಿ, ಕಣ್ಣು ಮುಚ್ಚಿ ಗಡ್ಡ ಮಾಡಿಸಿಕೊಳ್ಳುತ್ತಿದ್ದರು. ಸಾಬೂನಿನ ನೊರೆ, ಪೌಡರಿನ ಘಮ, ರೇಡಿಯೋದ ಮರಾಠಿ ಹಾಡು, ಇವುಗಳ ನಡುವೆ ಅಪ್ಪನಿಗೆ ಅಲ್ಲೇ ತೂಕಡಿಕೆ ಬರುತ್ತಿತ್ತು.

ಮುಂಜಿವಿಗೆ ಊರಿನಿಂದ ದೊಡ್ಡಪ್ಪ ಬಂದಿದ್ದರು. ಮೇ ತಿಂಗಳ ಬಿಸಿಲು ಬೆಳಿಗ್ಗೆ ಎಂಟಕ್ಕೇ ಅಂಗಳದ ಕಲ್ಲು ಕಾಯಿಸಿತ್ತು. ಕಾಕಾ ನನ್ನ ತಲೆಯ ಎಡಭಾಗ ಬೋಳಿಸಿ, ಬೆವರು ಒರೆಸಿಕೊಂಡು ನೀರು ಕೇಳಿದರು. ಅಕ್ಕ ಒಳಗಿನಿಂದ ತಂಬಿಗೆ ತಂದುಕೊಟ್ಟಳು. ಅವರು ಅದನ್ನು ತುಟಿಯ ಹತ್ತಿರ ಒಯ್ಯುವಷ್ಟರಲ್ಲಿ ದೊಡ್ಡಪ್ಪ ಕಸಿದುಕೊಂಡರು.

“ಖಬರ್ ಅದ ಏನ ನಿನಗ? ಒಳಗಿನ ತಂಬಿಗಿ ಇವಗ ಕೊಡ್ತೀ? ಮೈಲಿಗಿ ಮಾಡಿಟ್ಟಿ!” ಎಂದು ಅಕ್ಕನನ್ನು ಬೈದು, ಕಾಕಾಗೆ ಬೊಗಸೆ ಒಡ್ಡುವಂತೆ ಕೈಸನ್ನೆ ಮಾಡಿದರು. ಮೇಲಿನಿಂದ ಸುರಿಯಲು.

ಕಾಕಾ ಒಡ್ಡಲಿಲ್ಲ. ಅಪ್ಪನ ಮುಖ ನೋಡಿದರು. ನಾನೂ ನೋಡಿದೆ. ಅಪ್ಪ ಧೋತರದ ಅಂಚು ಸರಿಮಾಡಿಕೊಳ್ಳುತ್ತಾ ನಿಂತಿದ್ದರು.

ಕಾಕಾ ಕತ್ತಿ ಮಡಿಚಿ, ಮರಾಠಿಯಲ್ಲಿ ಹೇಳಿದರು: “ನಮ್ಮಜ್ಜ ಊರವರ ಹುಣ್ಣು ಕೊಯ್ದು ಕೀವು ತೆಗೀತಿದ್ದ, ಹಲ್ಲು ಕೀಳ್ತಿದ್ದ. ನೋವಿದ್ದಾಗ ಅವನ ಕೈ ಯಾರಿಗೂ ಮೈಲಿಗೆ ಅನ್ನಿಸಲಿಲ್ಲ. ವಾಸಿಯಾದ ಮೇಲೇ ಅದು ನೆನಪಾಗ್ತಿತ್ತು.” ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಟ್ಟರು.

“ಹೋಗಲಿ ಬಿಡು. ಇನ್ನೊಬ್ಬನ್ನ ಕರಸು, ಜಲ್ದಿ. ಮುಹೂರ್ತ ಮೀರತದ,” ಎಂದರು ದೊಡ್ಡಪ್ಪ.

“ಬ್ಯಾರೆ ಯಾರೂ ನನ್ನ ತಲಿ ಮುಟ್ಟಬಾರದು!” ಎಂದು ಕಿರುಚಿ ಬೀದಿಗೆ ಓಡಿದೆ. ಒಂದು ಕಡೆ ಬೋಳು, ಇನ್ನೊಂದು ಕಡೆ ಕೂದಲು. ಬರಿಗಾಲು ಡಾಂಬರಿಗೆ ಸುಡುತ್ತಿತ್ತು. ಸೈಕಲ್ ಹುಡುಗರು ನಿಂತು ನಕ್ಕರು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು.

ಅಂಗಡಿಯಲ್ಲಿ ಕಾಕಾ ನನ್ನನ್ನು ಕುರ್ಚಿಗೆ ಹತ್ತಿಸಿ, ಉಳಿದರ್ಧವನ್ನು ಒಂದು ಗೀರೂ ಬೀಳದಂತೆ ಬೋಳಿಸಿದರು. ಅಪ್ಪ ಬಾಗಿಲಲ್ಲೇ ನಿಂತು, “ಮಾಫ್ ಕರಾ, ಕಾಕಾ. ಅಣ್ಣ ಹಳೇ ಕಾಲದವರು,” ಎಂದರು.

“ನಿಮ್ಮಣ್ಣ ನನಗೆ ಯಾರು, ಸಾಹೇಬ್? ಅವರ ಮುಖ ಇವತ್ತೇ ನೋಡಿದ್ದು. ಇಷ್ಟು ವರ್ಷ ನನ್ನ ಕತ್ತಿಗೆ ಕತ್ತು ಕೊಟ್ಟು ಕೂತವರು ನೀವು. ನೀವು ಸುಮ್ಮನಿದ್ದಿರಿ.” ಅವರು ಕತ್ತಿ ಒರೆಸಿ ಮಡಿಚಿಟ್ಟರು. “ಹುಡುಗನನ್ನು ಕಳಿಸಿ. ನೀವು ಮಾತ್ರ ಇನ್ನು ಬರಬೇಡಿ.”

ಮುಹೂರ್ತ ಮೀರಿತು. ದೊಡ್ಡಪ್ಪ ಊಟ ಮಾಡಲಿಲ್ಲ. ನಾನು ಎಂಟು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಆಮೇಲೆ ಅಪ್ಪ ಗಡ್ಡಕ್ಕೆಂದು ಸ್ಕೂಟರಿನಲ್ಲಿ ಸಿವಿಲ್ ಲೈನ್ಸ್‌ವರೆಗೆ ಹೋಗುತ್ತಿದ್ದರು. ಚೌಕ ಬಂದರೆ ಮುಖ ತಿರುಗಿಸುತ್ತಿದ್ದರು.

ಮಕ್ಕಳೇ, ನಿಮ್ಮ ಸಲೂನಿನಲ್ಲಿ ಎ.ಸಿ. ಇದೆ, ಒರಗುವ ಕುರ್ಚಿ ಇದೆ. ಕೂದಲು ಕತ್ತರಿಸಿಕೊಂಡು ಬಂದ ನಿಮ್ಮನ್ನು ಮೈಲಿಗೆಯೆಂದು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ. ಸಂತೋಷ. ಆದರೆ ಮೊನ್ನೆ ಕ್ರಿಕೆಟ್ ಜಗಳದಲ್ಲಿ ಗೆಳೆಯನನ್ನು ಹೀಯಾಳಿಸಲು ನೀವು ಕೂಗಿದ್ದು ಆ ಕಸುಬಿನ ಹೆಸರನ್ನೇ. ನಾನು ಗದರಿದಾಗ, “ಅದು ಬರೀ ಬೈಗುಳ ಅಜ್ಜಾ,” ಎಂದು ನಕ್ಕಿರಿ. ಒಬ್ಬರು ದುಡಿದು ಉಣ್ಣುವ ಕೆಲಸ ಇನ್ನೊಬ್ಬರಿಗೆ ಬೈಗುಳ ಹೇಗಾಯಿತು? ನಾಳೆ ಆ ಹುಡುಗನ ಮನೆಗೆ ಹೋಗಿ ತಪ್ಪಾಯಿತು ಎನ್ನಿ. ನಾನೂ ಬರುತ್ತೇನೆ.