ಮಾವನ ಕೈಯ ತಾಮ್ರದ ಕಡಗ

ನಮ್ಮ ಮತ್ಸ್ಯಾಲಯದಲ್ಲಿ ತೊಟ್ಟಿ ತೊಳೆಯುವವರನ್ನು ಎಲ್ಲರೂ ‘ತೊಟ್ಟಿ ಮಾವ’ ಎನ್ನುತ್ತಿದ್ದೆವು. ಮನುಷ್ಯರೆದುರು ಅವರ ಬಾಯಿಗೆ ಬೀಗ. ಟಿಕೆಟ್ ಕಿಟಕಿಯಿಂದ ನಾನು “ಊಟ ಆಯ್ತಾ ಮಾವ?” ಎಂದು ಕೂಗಿದರೆ, ತಲೆಯಾಡಿಸಿದ್ದೇ ನನ್ನ ಪುಣ್ಯ. ಹೆಂಡತಿ ತೀರಿಹೋದ ಮೇಲೆ ಅವರನ್ನು ಮೈಮುಟ್ಟಿ ಮಾತಾಡಿಸುವವರೇ ಇರಲಿಲ್ಲ.

ಮುಟ್ಟುತ್ತಿದ್ದದ್ದು ಒಂದೇ ಜೀವ, ಹಿಂದಿನ ಕೋಣೆಯ ಸಣ್ಣ ತೊಟ್ಟಿಯ ಆಕ್ಟೋಪಸ್. ಬೆಳಿಗ್ಗೆ ಮಾವ ಏಡಿ ಹಿಡಿದು ಕೈ ಇಳಿಬಿಟ್ಟರೆ ಅದು ಏಡಿಯನ್ನು ಬಿಟ್ಟು ಮೊದಲು ಮಣಿಕಟ್ಟನ್ನು ಸುತ್ತುತ್ತಿತ್ತು.

“ಮೂರು ಹೃದಯ ಕಣಮ್ಮ ಇವಳಿಗೆ,” ಎಂದು ಒಮ್ಮೆ ತಾವಾಗಿಯೇ ಬಾಯಿಬಿಟ್ಟರು. “ಎರಡು ಕಿವಿರಿಗೆ ರಕ್ತ ತಳ್ಳುತ್ವೆ. ಅಲ್ಲಿ ಆಮ್ಲಜನಕ ತುಂಬ್ಕೊಂಡು ಬಂದಿದ್ದನ್ನ ಮೂರನೇದು ಮೈಗೆಲ್ಲ ಹಂಚುತ್ತೆ. ನಮ್ಮ ರಕ್ತದಲ್ಲಿ ಅದನ್ನ ಹೊರೋದು ಕಬ್ಬಿಣ, ಅದಕ್ಕೇ ಕೆಂಪು. ಇವಳದ್ರಲ್ಲಿ ತಾಮ್ರ, ಅದಕ್ಕೇ ನೀಲಿ.”

ಹೇಳುತ್ತ ತಮ್ಮ ಕೈಯ ತಾಮ್ರದ ಕಡಗ ತೋರಿಸಿ ನಕ್ಕರು, ನೆಂಟಸ್ತಿಕೆ ಸಿಕ್ಕವರ ಹಾಗೆ. ಕೀಲುನೋವಿಗೆಂದು ಹೆಂಡತಿ ತೊಡಿಸಿದ್ದ ಕಡಗ. ಈಗ ಗಿಣ್ಣು ಊದಿ ಅದು ಹೊರಬರುತ್ತಿರಲಿಲ್ಲ, ಮಾವನಿಗೆ ಬರುವುದೂ ಬೇಕಿರಲಿಲ್ಲ.

ಒಂದು ದಿನ ಆಕ್ಟೋಪಸ್ ಏಡಿ ಮುಟ್ಟುವುದನ್ನು ಬಿಟ್ಟು, ಬಿಳಿಚಿಕೊಂಡು ಮೂಲೆ ಸೇರಿತು. ಮಾವನಿಗೂ ಅನ್ನ ಸೇರಲಿಲ್ಲ. ಪಶುವೈದ್ಯೆ ಬಂದು ಪರೀಕ್ಷಿಸಿ, ನೀರಿನಲ್ಲಿ ತಾಮ್ರ ಸೇರಿದೆ ಎಂದರು. ಕೊಳವೆ, ಪಂಪು, ಮೀನಿನ ಔಷಧಿ ಎಲ್ಲವನ್ನೂ ಜಾಲಾಡಿದೆವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಕೊನೆಗೆ ವೈದ್ಯೆಯ ಕಣ್ಣು ಮಾವನ ಮಣಿಕಟ್ಟಿನಲ್ಲಿ ಕಡಗ ಮೂಡಿಸಿದ್ದ ಹಸಿರು ಗೆರೆಯ ಮೇಲೆ ಬಿತ್ತು.

“ದಿನಾ ಇದನ್ನ ಹಾಕ್ಕೊಂಡೇ ಕೈ ಇಳಿಸ್ತೀರಾ?”

“ಅವಳ ರಕ್ತದಲ್ಲೇ ತಾಮ್ರ ಇದೆಯಲ್ಲಮ್ಮ!”

“ರಕ್ತದಲ್ಲಿ ಕಟ್ಟಿಹಾಕಿರೋ ತಾಮ್ರ ಉಸಿರು ಹೊರುತ್ತೆ. ಉಪ್ಪುನೀರಲ್ಲಿ ಕರಗಿದ್ದು ಅವಳಿಗೆ ವಿಷ. ಕಡಗ ತೆಗೀರಿ, ಇಲ್ಲ ಕೈ ಹಾಕಬೇಡಿ.”

ತೊಟ್ಟಿಯ ನೀರು ಬದಲಾಯಿಸಿದೆವು. ಮಾವ ಚಿಮಟದಲ್ಲಿ ಏಡಿ ಹಿಡಿದು ಕೂತರು. ಆಕ್ಟೋಪಸ್ ತಿರುಗಿಯೂ ನೋಡಲಿಲ್ಲ. ಇನ್ನೂ ಕಡಗ ಸವರುತ್ತ ಕೂತಿದ್ದ ಮುದುಕನನ್ನು ಕಂಡು ನನಗೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. ಸಂಜೆ ಅವರೇ ನನ್ನ ಕಿಟಕಿಗೆ ಬಂದರು.

“ಕಟಿಂಗ್ ಪ್ಲೇಯರ್ ತಾರಮ್ಮ. ನನ್ನ ಕೈಲಾಗಲ್ಲ, ನೀನೇ ಕತ್ತರಿಸು.”

ಕತ್ತರಿಸುವಾಗ ಅವರು ಗೋಡೆ ನೋಡುತ್ತಿದ್ದರು. ಎರಡು ತುಂಡನ್ನೂ ಜೇಬಿಗಿಳಿಸಿ, ಕೈಯನ್ನು ಉಜ್ಜಿ ಉಜ್ಜಿ ತೊಳೆದು, ಏಡಿ ಹಿಡಿದು ನೀರಿಗಿಳಿಸಿದರು. ಎಷ್ಟೋ ಹೊತ್ತಿನ ಮೇಲೆ ಒಂದು ತೋಳು ಬಂತು. ಮಣಿಕಟ್ಟನ್ನು ಸುತ್ತಿ, ಕಡಗವಿದ್ದ ಜಾಗವನ್ನೇ ಮತ್ತೆ ಮತ್ತೆ ತಡವಿತು.

“ಹುಡುಕಬೇಡ ಕಣೇ,” ಎಂದರು ಮಾವ. “ಅವಳಿಲ್ಲ.”

ಹೆಂಡತಿ ಹೋದ ಮೇಲೆ ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಇನ್ನೊಂದು ತೋಳು ನಿಧಾನವಾಗಿ ಚಾಚಿ ಏಡಿಯನ್ನು ಎಳೆದುಕೊಂಡಿತು. ಮಣಿಕಟ್ಟನ್ನು ಮಾತ್ರ ಬಿಡಲಿಲ್ಲ.