ಗೆಸ್ಟ್ ರೂಮಿನಲ್ಲಿ ಮಲಗುವ ಬೂಟು

"ನನ್ನ ಕಾಲು ಹೊಗದ ಬೂಟನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ. ಹೊಕ್ಕ ಕಾಲು ಹೊರಗೆ ಬರದ ಬೂಟಂತೂ ಇನ್ನು ಮೇಲೂ ಯಾರೂ ಮಾಡುವುದಿಲ್ಲ."

ಹೀಗೆಂದವರು ಅಮೆರಿಕದ ಎಡಿಸನ್‌ನಲ್ಲಿ ಹೋಟೆಲು ಇಟ್ಟಿರುವ ಕರುಣಾಕರ. ಅಂದದ್ದು ಓಲ್ಡ್ ಬ್ರಿಡ್ಜ್‌ನ ತಮ್ಮನ ಮನೆಯಲ್ಲಿ, ಒಂದು ಶನಿವಾರ ಸಂಜೆ, ಕಾಫಿ ಲೋಟ ಹಿಡಿದುಕೊಂಡು. ಅವರ ಗಂಟಲು ಎಂಥದೆಂದರೆ, ಅಡಿಗೆಮನೆಯಲ್ಲಿ "ಎರಡು ಮಸಾಲೆ" ಎಂದು ಕೂಗಿದರೆ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಹೋಗುವ ಟ್ರಕ್ಕಿನವರು ಬ್ರೇಕು ಹಾಕಿ, ನಮಗೂ ಎರಡಿರಲಿ ಅನ್ನುತ್ತಾರೆ. ಅಂಥ ಗಂಟಲಿನ ಮಾತು ಕೇಳಿಯೂ ತಮ್ಮನ ಹೆಂಡತಿ ತಾರಿಣಿ "ಹೌದಾ ಭಾವ" ಎಂದಷ್ಟೇ ಹೇಳಿ ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದಳು. ಅವಳ "ಹೌದಾ" ಪರಿಚಯವಿದ್ದವರು ಆ ಹೊತ್ತಿಗೆ ಮಾತು ಬದಲಿಸುತ್ತಿದ್ದರು. ಭಾವ ಬದಲಿಸಲಿಲ್ಲ.

ತಾರಿಣಿಗೆ ಐವತ್ತಮೂರು. ಬ್ರಹ್ಮಾವರದ ಹುಡುಗಿ. ವುಡ್‌ಬ್ರಿಡ್ಜ್‌ನ ಒಬ್ಬ ದಂತವೈದ್ಯರ ಕಚೇರಿಯಲ್ಲಿ ಕೂತು ಇನ್ಶೂರೆನ್ಸ್ ಕಂಪನಿಗಳ ಜೊತೆ ಫೋನಿನಲ್ಲಿ ಜಗಳ ಮಾಡುವುದು ಅವಳ ಉದ್ಯೋಗ. ಅವಳ ದನಿ ಕೇಳಿದರೆ ಅತ್ತ ಕಡೆಯವರು ಇನ್ನೂ ಹುಟ್ಟದ ಹಲ್ಲಿಗೂ ಮಂಜೂರಾತಿ ಕೊಡುತ್ತಾರೆಂದು ಆಫೀಸಿನಲ್ಲಿ ಮಾತಿದೆ.

ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲೇ ಅವಳು ಡ್ರೈವ್‌ವೇಯಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಕೈ ಆರು ವಾರದಲ್ಲಿ ಕೂಡಿಕೊಂಡಿತು. ಕೂಡಿಕೊಳ್ಳದೆ ಉಳಿದದ್ದು ಆಮೇಲೆ ಬಂದ ಬುದ್ಧಿಮಾತು. "ಸ್ನೋ ನಮ್ಮಂಥವರಿಗೆ ಅಲ್ಲ ಮಾರಾಯ್ತಿ. ನವೆಂಬರಿನಲ್ಲಿ ಒಳಗೆ ಹೋಗು, ಏಪ್ರಿಲಿನಲ್ಲಿ ಹೊರಗೆ ಬಾ." ಸಿಕ್ಕವರೆಲ್ಲ ಹೇಳಿದರು. ಭಾವ ಎಲ್ಲರಿಗಿಂತ ಹೆಚ್ಚು ಸಲ, ಎಲ್ಲರಿಗಿಂತ ದೊಡ್ಡದಾಗಿ ಹೇಳಿದರು. ಬೇರೆಯವರಾಗಿದ್ದರೆ ಸ್ನೋಗೆ ಹೆದರುತ್ತಿದ್ದರು. ತಾರಿಣಿ ಅದರ ಮೇಲೆ ಹಗೆ ಇಟ್ಟುಕೊಂಡಳು.

ಹಗೆ ತೀರಿಸುವ ದಾರಿ ಸಿಕ್ಕಿದ್ದು ಮಗಳು ಅಕ್ಷಿತಾಳಿಗೆ ಹನ್ನೊಂದಾದಾಗ. ವರ್ನನ್ ಕಡೆಯ ಗುಡ್ಡದಲ್ಲಿ ಮಕ್ಕಳಿಗೆ ಸ್ನೋಬೋರ್ಡ್, ಅಂದರೆ ಹಲಗೆಯ ಮೇಲೆ ನಿಂತು ಸ್ನೋದಲ್ಲಿ ಜಾರುವುದು, ಕಲಿಸುತ್ತಾರೆಂದು ಕರೆದುಕೊಂಡು ಹೋದಳು. ತಾಯಂದಿರು ಒಳಗೆ ಬೆಚ್ಚಗೆ ಕೂತು ಹಾಟ್ ಚಾಕೊಲೇಟ್ ಕುಡಿಯಬಹುದು ಎಂದು ಅಲ್ಲಿಯವರು ಬಾಗಿಲು ತೋರಿಸಿದರು. "ನಾನು ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದದ್ದು ಚಾಕೊಲೇಟ್ ಕುಡಿಯಲಿಕ್ಕಲ್ಲ" ಎಂದು ತಾರಿಣಿ ತಾನೂ ಒಂದು ಹಲಗೆ ಬಾಡಿಗೆಗೆ ತಗೊಂಡಳು. ಮಗಳು ಎರಡನೆಯ ವಾರಕ್ಕೆ "ಇಟ್ಸ್ ಬೋರಿಂಗ್, ಅಮ್ಮ" ಎಂದು ಬಿಟ್ಟಳು. ಅಮ್ಮ ಬಿಡಲಿಲ್ಲ. ಮೊದಲ ವರ್ಷ ಎಷ್ಟು ಬಿದ್ದಳೆಂದರೆ, ಗುಡ್ಡ ಎರಡಡಿ ತಗ್ಗಿತು ಎಂದು ಅಲ್ಲಿಯವರು ಈಗಲೂ ಹೇಳುತ್ತಾರೆ.

ನಿಲ್ಲಲು ಕಲಿತವಳಿಗೆ ಓಡುವ ಚಟ ಹತ್ತಿತು. ಐವತ್ತು ದಾಟಿದವರದೊಂದು ತಂಡ ಅಲ್ಲಿದೆ. ಇಳಿಜಾರಿನಲ್ಲಿ ಕಂಬ ನೆಟ್ಟು, ಅವುಗಳ ಸಂದಿಯಲ್ಲಿ ಆಚೆ ಈಚೆ ತಿರುಗಿಕೊಂಡು ಕೆಳಗಿನವರೆಗೆ ಇಳಿಯುವ ಪಂದ್ಯ ಅವರದು. ಇದಕ್ಕೆ ಬಳಸುವ ಹಲಗೆ ಉದ್ದ, ಸಪೂರ. ಎರಡೂ ಪಾದ ಹೆಚ್ಚುಕಡಿಮೆ ಮುಂದಕ್ಕೇ ಮುಖ ಮಾಡಿ, ಒಂದರ ಹಿಂದೆ ಒಂದು ನಿಲ್ಲಬೇಕು. ತಿರುಗುವುದೆಂದರೆ ಹಲಗೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಮಲಗಿಸಿ ಅದರ ಅಂಚಿನಿಂದ ಮಂಜುಗಡ್ಡೆ ಕೊಯ್ಯುವುದು. ಸಾಮಾನ್ಯ ಸ್ನೋಬೋರ್ಡಿನವರು ಹಾಕುವ ಮೆತ್ತನೆ ಬೂಟು ಇಲ್ಲಿ ನಡೆಯುವುದಿಲ್ಲ. ಮಂಡಿ "ತಿರುಗು" ಅಂದರೆ ಆ ಮಾತು ಮೆತ್ತನೆ ಬೂಟಿನೊಳಗೆ ಸರ್ಕಾರಿ ಫೈಲಿನ ಹಾಗೆ ಮೇಜಿನಿಂದ ಮೇಜಿಗೆ ಹೋಗುತ್ತದೆ. ಅದು ಹಲಗೆ ಮುಟ್ಟುವ ಹೊತ್ತಿಗೆ ನೀವು ಪಕ್ಕದ ರಾಜ್ಯ ಪೆನ್ಸಿಲ್ವೇನಿಯಾದಲ್ಲಿರುತ್ತೀರಿ. ಅದಕ್ಕೇ ಇವರಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಬೂಟು.

ಭಾವನಿಗೆ ಇಷ್ಟು ಕೇಳಿದ್ದು ಸಾಕಾಯಿತು. ಹಿಂದಿನ ವರ್ಷ ಬಾಗಿಲು ಮುಚ್ಚುತ್ತಿದ್ದ ಯಾವುದೋ ಅಂಗಡಿಯಿಂದ ಕಾಲಿಗೊಂದು ಪಟ್ಟಿ ಕಟ್ಟಿ ಜಾರುವ ಸ್ಕೀಯಿಂಗಿನ ಬೂಟು ಒಂದು ಜೊತೆ ತಂದು, "ಗಟ್ಟಿ ಬೂಟು ಅಲ್ದಾ? ತಗೋ. ಒಂದು ಸೈಜ್ ದೊಡ್ಡದೇ ತಂದಿದ್ದೇನೆ, ಎರಡು ಸಾಕ್ಸ್ ಹಾಕು" ಎಂದು ಕೊಟ್ಟರು. ಗಂಡನ ಅಣ್ಣ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ತಾರಿಣಿ ಅದನ್ನೇ ಹಾಕಿಕೊಂಡು ಇಡೀ ಸೀಸನ್ ಓಡಿದಳು. ಓಡಿದಳು ಅನ್ನುವುದಕ್ಕಿಂತ ಉರುಳಿದಳು. ಸ್ಕೀಯವರ ಬೂಟು ಗಟ್ಟಿಯೇನೋ ಹೌದು, ಆದರೆ ಮುಂದಕ್ಕೂ ಬಗ್ಗದಷ್ಟು ಗಟ್ಟಿ. ಅದರ ಅಟ್ಟೆ ಬೇರೆ ಉದ್ದ. ಸಪೂರ ಹಲಗೆಯ ಹೊರಗೆ ಹಿಮ್ಮಡಿ ಚಾಚಿಕೊಂಡು, ಹಲಗೆ ಮಲಗಿಸಿದಾಗಲೆಲ್ಲ ಅದು ನೆಲಕ್ಕೆ ತಾಗಿ ಅಂಚನ್ನು ಎತ್ತಿಬಿಡುತ್ತಿತ್ತು. ಒಂದು ಓಟವನ್ನೂ ಅವಳು ಮುಗಿಸಲಿಲ್ಲ. ಇಳಿಜಾರಿನ ಪಕ್ಕಕ್ಕೆ ಕಟ್ಟಿದ ಬಲೆಯಿಂದ ಮೀನು ಬಿಡಿಸಿದ ಹಾಗೆ ಅವಳನ್ನು ಬಿಡಿಸಿ ತರುತ್ತಿದ್ದರು.

ತಂಡದ ನಾಯಕ ವಾಲ್ಟ್, ನಿವೃತ್ತ ಶಾಲಾ ಬಸ್ ಡ್ರೈವರ್. ಒಳ್ಳೆಯ ಮನುಷ್ಯ, ಆದರೆ ಬಸ್ ಹೊರಡುವ ಹೊತ್ತಾದರೆ ಯಾರಿಗೂ ಕಾಯದೆ ಹೊರಟುಬಿಡುವವನು. ಎರಡು ವರ್ಷದಲ್ಲಿ ಒಂದಾದರೂ ಓಟ ಪೂರ್ತಿ ಮುಗಿಸದಿದ್ದರೆ ಮೂರನೆಯ ವರ್ಷ ತಂಡದಲ್ಲಿ ಜಾಗವಿಲ್ಲ ಎಂಬುದು ಅವನ ಕಾನೂನು. ಈ ವರ್ಷ ಜನವರಿಯ ಓಟ ಮಳೆಗೆ ಹೋಯಿತು. ಉಳಿದದ್ದು ಫೆಬ್ರವರಿಯ ಒಂದು ಭಾನುವಾರ. ಅದನ್ನೂ ಮುಗಿಸದಿದ್ದರೆ ತಾರಿಣಿ ಹಲಗೆ ಎತ್ತಿಟ್ಟು ಏಪ್ರಿಲಿನವರೆಗೆ ಒಳಗಿರಬೇಕು. ಇಪ್ಪತ್ತೇಳು ವರ್ಷದ ಹಿಂದೆ ಎಲ್ಲರೂ ಹೇಳಿದ್ದು ಸರಿಯಾಗಿಬಿಡುತ್ತದೆ. ಬೀಳುವುದಕ್ಕೆ ಅವಳಿಗೆ ಬೇಸರವಿರಲಿಲ್ಲ, ಅವರ ಮಾತು ಸರಿಯಾಗುವುದಕ್ಕೆ ಇತ್ತು.

ಹಾಗಾಗಿ ಈ ಸಲ ಭಾವನ ಬೂಟನ್ನು ಯಾರಿಗೂ ಹೇಳದೆ ದಾನ ಮಾಡಿ, ಇದೇ ಓಟಕ್ಕೆಂದು ಮಾಡಿದ ಬೂಟು ತಂದಳು. ಪಾದಕ್ಕೆ ಬಿಗಿಯಾಗಿ, ಗಿಡ್ಡ ಅಟ್ಟೆ, ಹಿಂಬದಿಯಲ್ಲಿ ಸ್ಪ್ರಿಂಗು. ಅದನ್ನು ಕಂಡು ಅವಳ ಅತ್ತೆ ಜಲಜಾಕ್ಷಿಯಮ್ಮ "ಎಂತದು ಇದು?" ಎಂದರು. ಎಂಬತ್ತೊಂದರ ಜೀವ, ಮಂಡಿನೋವಿಗೆ ಬಿಸಿನೀರಿನ ರಬ್ಬರ್ ಚೀಲವನ್ನು ಹಸುಗೂಸಿನಂತೆ ಕಂಕುಳಲ್ಲಿಟ್ಟುಕೊಂಡೇ ತಿರುಗುವವರು.

"ಅತ್ತೆ, ನೀವು ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆಯುತ್ತೀರಲ್ಲ. ಮಣೆ ಅಲುಗಾಡಿದರೆ ಕಾಯಿ ಹೆರೆಯಲಿಕ್ಕಾಗುತ್ತದಾ?"

"ಬೆರಳು ಹೆರೆದುಕೊಳ್ಳಬೇಕಷ್ಟೆ."

"ಕೈಯನ್ನೂ ಮಣೆಗೇ ಕಟ್ಟಿಬಿಟ್ಟರೆ?"

"ಆಗಲೂ ಇಲ್ಲ."

"ಈ ಬೂಟೂ ಅಷ್ಟೆ. ಅಡ್ಡಕ್ಕೆ ಮಣೆ ಹಾಗೆ ಅಲುಗಾಡುವುದಿಲ್ಲ. ಮುಂದಕ್ಕೆ ಮಾತ್ರ ಸ್ಪ್ರಿಂಗು ಕಾಲನ್ನು ಬಗ್ಗಲಿಕ್ಕೆ ಬಿಡುತ್ತದೆ, ಮತ್ತೆ ಎತ್ತಿ ನಿಲ್ಲಿಸುತ್ತದೆ. ಭಾವ ಕೊಟ್ಟದ್ದು ಕೈ ಕಟ್ಟಿದ ಹೆರೆಮಣೆ."

ಮುದುಕಿ ಬೂಟಿನ ಸ್ಪ್ರಿಂಗನ್ನು ಬೆರಳಲ್ಲಿ ಒತ್ತಿ ನೋಡಿದರು. "ಆಯ್ತು. ಆದರೆ ಕಾಲಿಗೆ ಹಾಕುವುದೆಲ್ಲ ಚಪ್ಪಲಿಯೇ. ಗ್ಯಾರೇಜಿನಲ್ಲಿಡು."

ಆ ಮನೆಯಲ್ಲಿ ಚಪ್ಪಲಿ ಒಳಗೆ ಬರುವ ಕ್ರಮವಿಲ್ಲ. ಅಮೆರಿಕದ ಪ್ಲಂಬರ್ ಬಂದರೂ ಗ್ಯಾರೇಜಿನಲ್ಲೇ ಬೂಟು ಬಿಚ್ಚಿ, ತೂತು ಬಿದ್ದ ಸಾಕ್ಸಿನಲ್ಲಿ ತುದಿಗಾಲಲ್ಲಿ ಬರಬೇಕು. ಆದರೆ ಚಳಿಯಲ್ಲಿಟ್ಟರೆ ಆ ಪ್ಲಾಸ್ಟಿಕ್ಕು ಕಲ್ಲಾಗುತ್ತದೆ. ತಾರಿಣಿ ವಾರವಿಡೀ ವಾದ ಮಾಡಿ, ಗೆಸ್ಟ್ ರೂಮಿನ ಹೀಟರಿನ ಪಕ್ಕ, ಪೇಪರ್ ಹಾಸಿ ಇಡಲು ಒಪ್ಪಿಗೆ ಪಡೆದಳು. ಇನ್ಶೂರೆನ್ಸಿನವರಿಂದ ಹಲ್ಲಿನ ಪೂರ್ತಿ ಸೆಟ್ ಗಿಟ್ಟಿಸುವುದು ಅದಕ್ಕಿಂತ ಸುಲಭವಿತ್ತು.

ಅಷ್ಟರಲ್ಲಿ ಓಟದ ಹಿಂದಿನ ದಿನ, ಆ ಶನಿವಾರ, ಭಾವ ಬಂದರು. ಗಂಡನಿಗೆ ಮ್ಯಾನ್‌ಹಟನ್ನಿನ ಆಸ್ಪತ್ರೆಯಲ್ಲಿ ವಾರಾಂತ್ಯದ ಡ್ಯೂಟಿ. ತಾರಿಣಿಯನ್ನೂ ಅಮ್ಮನನ್ನೂ ಗುಡ್ಡಕ್ಕೆ ಕರೆದುಕೊಂಡು ಹೋಗುವವರು ಇವರೇ. ಮಲಗಿದ್ದು ಗೆಸ್ಟ್ ರೂಮಿನಲ್ಲಿ. ತಾನು ಮಲಗುವ ಕೋಣೆಯಲ್ಲಿ ಚಪ್ಪಲಿಯೇ ಎಂದು ಎರಡೂ ಬೂಟನ್ನು ಎತ್ತಿ ಗ್ಯಾರೇಜಿಗೆ ದಾಟಿಸಿ, ಕೈ ತೊಳೆದು ಮಲಗಿದರು. ಬೆಳಿಗ್ಗೆ ಇಡ್ಲಿಯ ಹಾಟ್‌ಬಾಕ್ಸನ್ನು ಕಾರಿನೊಳಗೆ ಇಟ್ಟರು. ತಿನ್ನುವ ವಸ್ತುವಿನ ಪಕ್ಕ ಚಪ್ಪಲಿ ಯಾಕೆಂದು ಬೂಟನ್ನು ಗ್ಯಾರೇಜಿನಿಂದ ನೇರ ಕಾರಿನ ನೆತ್ತಿಯ ಪೆಟ್ಟಿಗೆಗೆ, ಹಲಗೆಯ ಜೊತೆ ಸೇರಿಸಿದರು. "ನಿನ್ನ ಸಾಮಾನೆಲ್ಲ ನಾನೇ ಇಟ್ಟಿದ್ದೇನೆ, ನೀ ಅಮ್ಮನನ್ನು ಹತ್ತಿಸು" ಎಂದರು. ತಾರಿಣಿ ನಂಬಿದಳು.

ಗುಡ್ಡ ತಲುಪಿದಾಗ ಚಳಿ ಎಂಥದೆಂದರೆ, ಮನುಷ್ಯ ಹೆಜ್ಜೆ ಮುಂದಿಟ್ಟರೆ ನೆರಳು ನೆಲಕ್ಕೆ ಅಂಟಿಕೊಂಡು ಹಿಂದೆಯೇ ಉಳಿಯುತ್ತಿತ್ತು. ಭಾವ ಪೆಟ್ಟಿಗೆ ತೆರೆದು ಬೂಟು ಕೊಟ್ಟರು. ತಾರಿಣಿ ಗೆಣ್ಣಿನಿಂದ ತಟ್ಟಿದಳು. ಟಣ್ ಎಂದಿತು. ಬಾಯಿ ಬಿಡಿಸಲು ಎಳೆದಳು. ಎರಡೂ ಬೂಟು ಜಪ್ಪಯ್ಯ ಅನ್ನಲಿಲ್ಲ.

"ಇದು ಎಲ್ಲಿತ್ತು ಭಾವ?"

"ಎಲ್ಲಿರಬೇಕೋ ಅಲ್ಲಿ. ನಿನ್ನೆಯಿಂದ ಗ್ಯಾರೇಜಿನಲ್ಲಿ."

ತಾರಿಣಿ ಬೂಟು ಎತ್ತಿಕೊಂಡು ಅತ್ತೆಯ ಕೈ ಹಿಡಿದು ಒಳಗಿನ ಹಾಲಿಗೆ ನಡೆದಳು. ಅವಳ ಸರದಿಗೆ ಇನ್ನು ಮುಕ್ಕಾಲು ಗಂಟೆಯಿತ್ತು. ಬಿಸಿನೀರು ಎಲ್ಲಿ ಸಿಗುತ್ತದೆಂದು ಕೇಳಿ ಬರಲು ಹೋದಳು. ಅವಳು ಬೆನ್ನು ತಿರುಗಿಸಿದ್ದೇ ತಡ, ಭಾವನಿಗೆ ಅಣ್ಣತನ ಉಕ್ಕಿತು. ಸಣ್ಣವರಿದ್ದಾಗ ತಮ್ಮನ ಹೊಸ ಚರ್ಮದ ಚಪ್ಪಲಿಯನ್ನು ಮೊದಲು ತಾನು ಮೆಟ್ಟಿ, ಮೆತ್ತಗೆ ಮಾಡಿ ಕೊಡುತ್ತಿದ್ದವರು. ಇದನ್ನೂ ಹಾಗೆಯೇ ಸಡಿಲ ಮಾಡಿ ಕೊಡೋಣವೆಂದು ಎಡಗಾಲು ತೂರಿಸಿ, ಎದ್ದು ನಿಂತು ಅದುಮಿ ಮೆಟ್ಟಿದರು. ಅವರದು ಆಳಿಗೆ ತಕ್ಕದ್ದಲ್ಲದ ಸಣ್ಣ ಪಾದ. ಒಳಗೆ ಹೋಯಿತು.

ಹೊರಗೆ ಬರಲಿಲ್ಲ.

ತಾರಿಣಿ ವಾಪಸು ಬರುವಾಗ ಭಾವ ಬೆಂಚಿನ ಮೇಲೆ ಅಂಗಾತವಾಗಿದ್ದರು. ಕಾಲು ಮೇಲಕ್ಕೆ, ಕಾಲಿನ ತುದಿಯಲ್ಲಿ ಅವಳ ಬೂಟು. ಪಕ್ಕದಲ್ಲಿ ವಾಲ್ಟ್ ನಿಂತು, ಈ ಹೊಸ ಓಟಗಾರನ ಹೆಸರು ಬರೆದುಕೊಳ್ಳಬೇಕೇ ಎಂದು ಕೇಳುತ್ತಿದ್ದ.

"ಎಳೆಯಬೇಡ ತಾರಿಣಿ, ಕಾಲೂ ಬೂಟಿನ ಜೊತೆಗೇ ಕಿತ್ತುಬರುತ್ತದೆ" ಎಂದರು ಭಾವ. ಜನ್ಮದಲ್ಲಿ ಮೊದಲ ಸಲ ಅವರ ದನಿ ಸಣ್ಣದಾಗಿತ್ತು.

ತಾರಿಣಿ ಗಡಿಯಾರ ನೋಡಿದಳು. ಬಿಸಿನೀರಿನ ಜಾಗದಲ್ಲಿ ದೊಡ್ಡ ಸಾಲು. ಅವಳು ಅತ್ತೆಯ ಎದುರು ಕೈ ಚಾಚಿದಳು. "ಅತ್ತೆ, ಚೀಲ ಕೊಡಿ."

"ನನ್ನ ಮಂಡಿಗೆ ಇಡುವುದನ್ನು ಚಪ್ಪಲಿಗೆ ಇಡುತ್ತೀಯಾ?"

"ಇಡುತ್ತೇನೆ. ನಿಮ್ಮ ಮಂಡಿಯ ಹಾಗೆ ಇದಕ್ಕೂ ಚಳಿ ಹಿಡಿದಿದೆ. ಇವತ್ತು ನಾನು ಕೆಳಗೆ ಇಳಿದೇ ಇಳಿಯುವವಳು ಅತ್ತೆ. ಬೂಟು ಹಾಕಿ ಇಳಿಯುವುದೋ, ಇಲ್ಲ ಭಾವನನ್ನೇ ಕಾಲಿಗೆ ಕಟ್ಟಿಕೊಂಡು ಇಳಿಯುವುದೋ, ನೀವು ಹೇಳಿ."

ಜಲಜಾಕ್ಷಿಯಮ್ಮ ಮಗನ ಕಾಲು ನೋಡಿದರು, ಸೊಸೆಯ ಮುಖ ನೋಡಿದರು. ಕಂಕುಳಿಂದ ಚೀಲ ತೆಗೆದು ತಾವೇ ಬೂಟಿನ ಕೊರಳಿಗೆ ಸುತ್ತಿ ಒತ್ತಿ ಹಿಡಿದರು. ಬಲಗಾಲಿನ ಬೂಟಿನ್ನೂ ಕಲ್ಲಾಗಿಯೇ ಇತ್ತು. ಅವರ ಕಣ್ಣು ಮಗ ಕಾರಿನಿಂದ ತಂದಿಟ್ಟಿದ್ದ ಹಾಟ್‌ಬಾಕ್ಸಿನ ಮೇಲೆ ಬಿತ್ತು.

"ಆ ಇಡ್ಲಿ ಬಿಸಿ ಉಂಟಲ್ಲ. ಫಾಯಿಲ್ ಸುತ್ತಿ ಆ ಬೂಟಿನೊಳಗೆ ಹಾಕು."

"ಅಮ್ಮಾ, ತಿನ್ನುವ ಇಡ್ಲಿ ಚಪ್ಪಲಿಗಾ?" ಮಲಗಿದಲ್ಲಿಂದಲೇ ಭಾವ ಕೇಳಿದರು. ಅವರ ಹೋಟೆಲಿನ ಇಡ್ಲಿಯದು.

"ನಿನ್ನ ಕಾಲು ಒಳಗೆ ಸಿಕ್ಕಿಕೊಂಡಿರುವಾಗ ನೀನು ಮಡಿ ಮಾತಾಡಬೇಡ ಮಾರಾಯ."

ಎರಡು ಡಜನ್ ಇಡ್ಲಿ ಬೂಟಿಗೆ ಇಳಿಯಿತು. ಚಳಿ ತಿಂದ ಪ್ಲಾಸ್ಟಿಕ್ಕು ಮೆಲ್ಲಗೆ ಸಡಿಲಾಯಿತು. ವಾಲ್ಟ್ ಭಾವನ ಭುಜ ಹಿಡಿದ, ತಾರಿಣಿ ಬೂಟು ಹಿಡಿದಳು. ಕಾಲು ಹೊರಗೆ ಬರುವಾಗ ಆದ ಸದ್ದಿಗೆ ಗುಡ್ಡದ ಮೇಲಿದ್ದವರು ಪಂದ್ಯ ಶುರುವಾಯಿತೆಂದು ತಿಳಿದರಂತೆ. ಸಾಕ್ಸು ಒಳಗೇ ಉಳಿಯಿತು. ಅದನ್ನು ಕಿತ್ತೆಸೆದು, ಬೆಚ್ಚಗಿದ್ದ ಬೂಟಿಗೆ ತಾರಿಣಿ ಕಾಲು ಸೇರಿಸಿ ಕೊಂಡಿ ಬಿಗಿದಳು. ಬಲಗಾಲಿಗೆ ಇಡ್ಲಿಯ ಹಬೆ ಇನ್ನೂ ತಾಗುತ್ತಿತ್ತು.

ಮೇಲೆ ಓಟ ಹೊರಡುವ ಗೇಟಿನಲ್ಲಿ ನಿಂತಾಗ ಅವಳಿಗೆ ಕೆಳಗೆ ಎರಡು ಚುಕ್ಕೆ ಕಂಡವು, ಒಂದು ದೊಡ್ಡದು, ಒಂದು ಸಣ್ಣದು. ಹೊರಟಳು. ಮೊದಲ ಕಂಬಕ್ಕೆ ಮಂಡಿ ಬಗ್ಗಿಸಿದಳು. ಸ್ಪ್ರಿಂಗು ಬಗ್ಗಿತು. ಹಲಗೆ ಮಲಗಿತು. ಹಿಮ್ಮಡಿ ಎಲ್ಲಿಯೂ ತಾಗಲಿಲ್ಲ. ಕರ್ ಎಂದು ಅಂಚು ಮಂಜುಗಡ್ಡೆ ಕೊಯ್ದುಕೊಂಡು ಹೋಯಿತು. ಕಳೆದ ವರ್ಷ ಅವಳನ್ನು ಬಲೆಗೆ ಎಸೆದಿದ್ದ ತಿರುವಿನಲ್ಲಿ ಹಲಗೆ ಒಮ್ಮೆ ನಡುಗಿತು. ಹಿಂದಿನ ಮಂಡಿಯನ್ನು ಇನ್ನಷ್ಟು ಒತ್ತಿದಳು. ಬೂಟು ಆ ಮಾತನ್ನು ಯಾವ ಮೇಜಿಗೂ ಕಳಿಸಲಿಲ್ಲ, ನೇರ ಹಲಗೆಗೆ ಮುಟ್ಟಿಸಿತು. ಬಲೆಯವರು ಅಭ್ಯಾಸದಂತೆ ಒಂದು ಹೆಜ್ಜೆ ಮುಂದೆ ಬಂದಿದ್ದರು. ಅವಳು ಅವರ ಮುಂದಿನಿಂದಲೇ ಹಾದುಹೋದಳು. ಕೊನೆಯ ಕಂಬವನ್ನೂ ದಾಟಿದಳು.

ಗೆದ್ದಳೇ? ಇಲ್ಲ. ಅವಳಿಗಿಂತ ಹಿಂದೆ ಬಂದವರು ಇಬ್ಬರೇ, ಅದರಲ್ಲೊಬ್ಬನಿಗೆ ಎಪ್ಪತ್ತಾರು. ಆದರೆ ಓಟ ಮುಗಿದಿತ್ತು. ವಾಲ್ಟ್ ಮುಂದಿನ ವರ್ಷದ ತಂಡದ ಜಾಕೆಟ್ಟಿಗೆ ಅವಳ ಅಳತೆ ಕೇಳಿದ.

ಜಲಜಾಕ್ಷಿಯಮ್ಮ ಬೂಟಿನಿಂದ ತೆಗೆದ ಇಡ್ಲಿಯ ಫಾಯಿಲನ್ನು ಬಿಚ್ಚಿ, ಸುತ್ತ ನೋಡಿ, ಒಂದನ್ನು ಬಾಯಿಗೆ ಹಾಕಿಕೊಂಡರು. ಕರುಣಾಕರ ಒಂದು ಕಾಲಿಗೆ ಸಾಕ್ಸಿಲ್ಲದೆ ಕುಂಟುತ್ತ ಬಂದರು. ಗಂಟಲು ಮೊದಲಿನಂತಾಗಿತ್ತು, ಪಾರ್ಕಿಂಗ್ ಲಾಟಿನಲ್ಲಿದ್ದವರೂ ತಿರುಗಿ ನೋಡಿದರು.

"ನೋಡಿದೆಯಾ ತಾರಿಣಿ. ಆ ಬೂಟನ್ನು ಮೊದಲು ನಾನು ಮೆಟ್ಟಿ ಹದ ಮಾಡಿ ಕೊಟ್ಟದ್ದಕ್ಕೇ ನೀ ಇವತ್ತು ಬೀಳಲಿಲ್ಲ. ಮುಂದಿನ ವರ್ಷವೂ ಹಿಂದಿನ ದಿನವೇ ಬರುತ್ತೇನೆ."

"ಬನ್ನಿ ಭಾವ" ಎಂದಳು ತಾರಿಣಿ, ಬೂಟಿನ ಕೊಂಡಿ ಬಿಚ್ಚುತ್ತ. "ಗೆಸ್ಟ್ ರೂಮಿನಲ್ಲಿ ಬೂಟು ಮಲಗುತ್ತದೆ. ನಿಮಗೆ ಗ್ಯಾರೇಜಿನಲ್ಲಿ ಹಾಸಿಗೆ ಹಾಕಿಡುತ್ತೇನೆ. ನೀವಿನ್ನೂ ಸ್ವಲ್ಪ ಗಟ್ಟಿಯಾಗಬೇಕು."