ಬೆನ್ನಿಗೆ ಮಣ್ಣು ಹತ್ತದ ಕುಸ್ತಿ

ಮೊಮ್ಮಗಳು ಕುಸ್ತಿಯಲ್ಲಿ ಸೋತು ಬಂದಳೆಂದು ನಾನು ಓಣಿಗೆಲ್ಲ ಪೇಢೆ ಹಂಚಿದೆ. ಗೆದ್ದಳೆಂದು ತಪ್ಪು ತಿಳಿದು ಹಂಚಿದ್ದಲ್ಲ, ಸೋತಳೆಂದು ಚೆನ್ನಾಗಿ ತಿಳಿದೇ ಹಂಚಿದ್ದು. ಎದುರು ಮನೆಯ ಶಾಂತವ್ವ ಪೇಢೆ ಬಾಯಿಗೆ ಹಾಕಿಕೊಂಡು, "ಸೋತಿದ್ದಕ್ಕ ಸಿಹಿ ಹಂಚೂದು ನಾ ಎಲ್ಲೂ ನೋಡಿಲ್ಲ ಬಿಡವಾ. ತಲಿಗಿ ಬಿಸಲ ಹತ್ತೇತೇನ ನಿನಗ?" ಎಂದಳು.

"ಪೇಢೆ ಚಲೋ ಐತಿಲ್ಲ? ತಿಂದು ಸುಮ್ನಿರು" ಎಂದೆ.

ಶಾಂತವ್ವನಿಗೆ ಹೇಳದಿದ್ದರೂ ನಿಮಗೆ ಹೇಳದೆ ಇರಲು ನನ್ನಿಂದಾಗದು. ಆ ಪೇಢೆಯಲ್ಲಿ ಅರ್ಧ ಪಾಲು ಟಿವಿಯೊಳಗಿನ ಒಂದು ಹೊಡೆದಾಟದ ಆಟಕ್ಕೆ ಸಲ್ಲಬೇಕು. ಹಾಗಾಗಿ ಆ ಆಟದ ಗುಣವನ್ನೂ ದೋಷವನ್ನೂ ನಾನೇ ಹೇಳಿಬಿಡುತ್ತೇನೆ. ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆಗೆ ಪಾಟಿ ಕೆಳಗಿಟ್ಟ ರೋಣದ ಮುದುಕಿಗೆ ಇದರ ಅಧಿಕಾರ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಾನು ಪೈಲ್ವಾನನ ಹೆಂಡತಿ. ಗರಡಿಮನೆಯೊಳಗೆ ಆಗ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಆದ್ದರಿಂದ ನಾನು ಕುಸ್ತಿಯನ್ನು ಕಲಿತದ್ದು ಬಚ್ಚಲಮನೆಯಲ್ಲಿ.

ನಗಬೇಡಿ. ಗರಡಿಯ ಮಣ್ಣೆಂದರೆ ಹೊಲದ ಮಣ್ಣಲ್ಲ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಷಿಣ ಕಲಸಿ ಹದ ಮಾಡಿದ್ದು. ಮೈಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ನಮ್ಮ ಮನೆಯವರು ಕುಸ್ತಿ ಮುಗಿಸಿ ಬಂದು, ಏನಾಯಿತೆಂದು ಬಾಯಿ ಬಿಡದೆ ಬಚ್ಚಲಿಗೆ ಹೋಗಿ ಕೂರುತ್ತಿದ್ದರು. ನಾನು ನೀರು ಹಾಕುವಾಗ ಎಲ್ಲ ತಿಳಿಯುತ್ತಿತ್ತು. ಮೊಣಕಾಲಿಗೂ ಎದೆಗೂ ಮಣ್ಣು ಹತ್ತಿ ಬೆನ್ನು ಚೊಕ್ಕವಾಗಿದ್ದರೆ ಗೆಲುವು. ಬೆನ್ನ ತುಂಬ ಮಣ್ಣಿದ್ದರೆ ಎದುರಿನವನು ಚೀತ್ ಮಾಡಿದ್ದಾನೆ, ಅಂದರೆ ಅಂಗಾತ ಕೆಡವಿದ್ದಾನೆ. ಅಂಥ ದಿನ ನಾನೂ ಏನೂ ಕೇಳದೆ ಬೆನ್ನು ತಿಕ್ಕಿ, ಹಾಲಿಗೆ ಒಂದು ಚಮಚ ತುಪ್ಪ ಹೆಚ್ಚಿಗೆ ಹಾಕುತ್ತಿದ್ದೆ.

ಈಗ ಕಾಲ ಬದಲಾಗಿದೆ. ಮಗನ ಮಗಳು ನೀಲಾ, ಎಂಟನೇ ಇಯತ್ತೆಯ ಹುಡುಗಿ, ಅಜ್ಜನ ಬೆನ್ನು ಹತ್ತಿ ಗರಡಿಗೆ ಹೋಗತೊಡಗಿದಾಗ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಾನು ಹೊಸ್ತಿಲು ದಾಟದ ಗರಡಿಯಲ್ಲಿ ನನ್ನ ಮೊಮ್ಮಗಳು ಬಸ್ಕಿ ಹೊಡೆಯುತ್ತಾಳೆ! ಆದರೆ ನರಗುಂದದಲ್ಲಿ ಹುಡುಗಿಯರ ಕುಸ್ತಿ ಇಟ್ಟಾಗ, ಮೊದಲ ಸಲ ಜನರೆದುರು ಇಳಿದವಳು ಕೈ ಕೂಡಿಸುವಷ್ಟರಲ್ಲಿ ಅಂಗಾತ ಬಿದ್ದಳು. ಮನೆಗೆ ಬಂದು ಬಚ್ಚಲಿನ ಅಗಳಿ ಹಾಕಿಕೊಂಡಳು. ಅಂಗಿಯನ್ನು ತಾನೇ ಒಗೆದು, ಯಾರಿಗೂ ಕಾಣದಂತೆ ಹಿತ್ತಲಿನ ಮೂಲೆಯಲ್ಲಿ ಒಣಹಾಕಿದಳು. ಮರುದಿನದಿಂದ ಗರಡಿ ಬಂದ್.

ಅದೇ ಹೊತ್ತಿಗೆ ಅವಳ ಸೋದರಮಾವ ಹುಬ್ಬಳ್ಳಿಯಿಂದ ಆ ಆಟದ ಡಬ್ಬಿ ತಂದುಕೊಟ್ಟ. ಟಿವಿಗೆ ಜೋಡಿಸಿ, ಎರಡು ಕೈಯಲ್ಲಿ ಹಿಡಿಯುವ ಗುಂಡಿಗಳ ರಿಮೋಟಿನಿಂದ ಆಡುವಂಥದು. ಸಾಲಿ ಬಿಟ್ಟೊಡನೆ ನೀಲಾ ಅದರ ಮುಂದೆ. ಅಜ್ಜ ಮೀಸೆ ಕಡಿಯತೊಡಗಿದರು. "ಇದೇನ ಕುಸ್ತಿಯೇನ? ಕುಂತಲ್ಲೇ ಕುಂತು ಹೆಬ್ಬಟ್ಟಿಲೆ ಹೊಡದಾಡೂದು! ಗಜೇಂದ್ರಗಡದ ಕುಸ್ತಿ ಹತ್ರ ಬಂತು, ಇಕಿ ಇಲ್ಲೇ ಕುಂತ್ರ ಮುಗೀತು, ಮತ್ತ ಕಣಕ್ಕ ಇಳಿಯಂಗಿಲ್ಲ" ಎಂದು ನನ್ನ ಮೇಲೆ ಕೂಗಿದರು. ಡಬ್ಬಿ ತಂದವನು ನನ್ನ ಬೀಗರ ಮಗನಾದರೂ ಬೈಗುಳ ನನಗೇ.

ಅವರಿಗಿದ್ದ ಹೆದರಿಕೆಯೇ ನನಗೂ ಇತ್ತು. ಬೈದರೆ ಹುಡುಗಿ ಇನ್ನಷ್ಟು ಒಳಗೆ ಸರಿಯುತ್ತಾಳೆ. ಅದಕ್ಕೆ ಪಕ್ಕದಲ್ಲಿ ಹೋಗಿ ಕುಳಿತು, "ನನಗೂ ಒಂದ ರಿಮೋಟ ಕೊಡವಾ" ಎಂದೆ.

ನನಗೆ ಉದ್ದ ಜಡೆಯ ಒಬ್ಬ ಹುಡುಗಿಯನ್ನು ಕೊಟ್ಟಳು. ಎದುರಿಗೆ ಕೋಣದಂಥ ಗಡವ. ಟಿವಿಯಲ್ಲಿ ನಗಾರಿ ಬಡಿಯಿತು. ನಾನು ಗುಂಡಿ ಒತ್ತದೆ ಕಾಯುತ್ತ ಕುಳಿತೆ. ನಮ್ಮಲ್ಲಿ ಕುಸ್ತಿಗೆ ಮೊದಲು ಇಬ್ಬರೂ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಒಬ್ಬರ ಕೈಗೊಬ್ಬರು ಹಚ್ಚಬೇಕು. ಮಣ್ಣು ಕೊಡದೆ ಮೈಮುಟ್ಟುವಂತಿಲ್ಲ. ಅವನು ಮಣ್ಣು ಕೊಡಲು ಬರುತ್ತಿದ್ದಾನೆಂದು ನಾನು ತಿಳಿದರೆ, ಆ ಮರ್ಯಾದೆಗೆಟ್ಟವನು ಬಂದವನೇ ಎದೆಗೆ ಒದ್ದ. ನನ್ನ ಹುಡುಗಿ ಗೋಡೆ ಒಡೆದುಕೊಂಡು ಆಚೆಗೆ ಬಿದ್ದಳು.

"ಏ ಆಯಿ, ಒತ್ತಬೇಕಲ್ಲ! ಏನ ನೋಡಾಕತ್ತಿದ್ದಿ?"

"ಮಣ್ಣ ಕೊಡ್ತಾನಂತ ನಿಂತಿದ್ನೆವಾ."

ನೀಲಾ ರಿಮೋಟು ಕೆಳಗೆ ಹಾಕಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ನರಗುಂದದಿಂದ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆ ನಗುವಿಗಾಗಿ ಗಡವನ ಒಂದು ಒದೆ ಏನು, ಹತ್ತಾದರೂ ತಿನ್ನಲು ನಾನು ತಯಾರಾದೆ. ತಿಂದೆ ಕೂಡ.

ಹೀಗೆ ದಿನಾ ಸಂಜೆ ರೊಟ್ಟಿ ಬಡಿಯುವ ಮುಂಚೆ ಒಂದಷ್ಟು ಹೊತ್ತು ನನ್ನ ಹೊಡೆದಾಟ. ಆಟದಲ್ಲಿ ಒಳ್ಳೆಯದಿದೆ, ಇಲ್ಲವೆಂದರೆ ನಾಲಿಗೆ ಬಿದ್ದೀತು. ಮೊದಲಿಗೆ ನಾನು ಖಾರ ಕುಟ್ಟಿದಂತೆ ಎಲ್ಲ ಗುಂಡಿಗಳನ್ನೂ ಕುಟ್ಟುತ್ತಿದ್ದೆ. ಹಾಗೆ ಕುಟ್ಟುವವರನ್ನು ಆಟ ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಎದುರಿನವನ ಭುಜ ಅಲ್ಲಾಡುವುದನ್ನು ನೋಡಿ, ಪೆಟ್ಟು ತಡೆದು, ಅವನು ತೋಲ ತಪ್ಪಿ ವಾಲಿದ ಗಳಿಗೆಯಲ್ಲಿ ಒತ್ತಬೇಕು. ರೊಟ್ಟಿ ಉಬ್ಬುವ ಹೊತ್ತಿಗೆ ಸರಿಯಾಗಿ ಹೊರಳಿಸಿದ ಹಾಗೆ. ಕಾಯಲು ಬಂದವನಿಗೇ ಗೆಲುವು. ಇದು ಖರೇ ಕುಸ್ತಿಯ ಗುಣವೆಂದು ನಾನು ಅಜ್ಜನ ಎದುರಿಗೇ ಹೇಳಿದೆ. ಅವರು ಕಿವಿ ಕೇಳಿಸದವರ ಹಾಗೆ ಎಲೆಗೆ ಸುಣ್ಣ ಸವರಿದರು.

ದೋಷಗಳೂ ಬೇಕಾದಷ್ಟಿವೆ. ಕಥೆ ತೀರಾ ತೆಳು. ಗುರು ಶುರುವಿನಲ್ಲೇ ಸಾಯುತ್ತಾನೆ, ಸಾಯುವುದೊಂದೇ ಅವನ ಕೆಲಸ. ಆಮೇಲೆ ಶಿಷ್ಯೆ ಸೇಡು ತೀರಿಸಿಕೊಳ್ಳುತ್ತ ಊರೂರು ತಿರುಗುತ್ತಾಳೆ. ಊಟವಿಲ್ಲ, ಬೆವರಿಲ್ಲ, ಅಷ್ಟು ಹೊರಳಾಡಿದರೂ ಜಡೆಯ ಒಂದು ಎಳೆ ಬಿಚ್ಚುವುದಿಲ್ಲ. ವೈರಿಗಳು ಗುಂಪಾಗಿ ಬಂದರೂ ಒಬ್ಬೊಬ್ಬರಾಗಿ ಹೊಡೆಸಿಕೊಳ್ಳುತ್ತಾರೆ. ರೇಷನ್ ಅಂಗಡಿಯ ಮುಂದೆ ಅಂಥ ಶಿಸ್ತನ್ನು ನಾನು ಕಂಡಿಲ್ಲ. ಮೂಲೆಗೆ ಸಿಕ್ಕಿಕೊಂಡರೆ ನಡುವೆ ಒಂದು ಕಂಬ ಅಡ್ಡ ಬಂದು ನನ್ನ ಹುಡುಗಿ ನನಗೇ ಕಾಣುವುದಿಲ್ಲ. ಒದೆಯ ಸಪ್ಪಳದಿಂದಲೇ ಅವಳ ಕ್ಷೇಮಸಮಾಚಾರ ತಿಳಿಯಬೇಕು.

ಎಲ್ಲರ ತಲೆಯ ಮೇಲೆ ಒಂದು ಕೆಂಪು ಪಟ್ಟಿ ಇರುತ್ತದೆ, ಪೆಟ್ಟು ಬಿದ್ದಷ್ಟೂ ಸವೆಯುತ್ತದೆ. ಅಂಥ ಪಟ್ಟಿ ನಿಜವಾದ ಮನುಷ್ಯರಿಗೂ ಇದ್ದರೆ ಸಂಸಾರ ಎಷ್ಟು ಸಲೀಸು ಎಂದು ನನಗೆ ಅನಿಸಿದ್ದುಂಟು. ಸಂತೆಯಿಂದ ಬಂದ ಗಂಡನ ತಲೆಯ ಮೇಲೆ ನೋಡಿ, ಇವತ್ತು ಮಾತಾಡಿಸಬಹುದೋ ಬಿಡಬೇಕೋ ಎಂದು ತೀರ್ಮಾನಿಸಬಹುದಿತ್ತು. ಆದರೆ ನೀಲಾಳ ಪಟ್ಟಿ ಎಷ್ಟು ಸವೆದಿದೆ ಎಂದು ತಿಳಿಯಲು ನಾನು ಅವಳ ಪಕ್ಕದಲ್ಲೇ ಕೂರಬೇಕಾಯಿತು. ಅದೂ ಒಳ್ಳೆಯದೇ.

ಒಂದು ಸಂಜೆ ನಾನು ಸೋತು ಸೋತು, ಮತ್ತೆ ಆಡುವ ಗುಂಡಿ ಒತ್ತುವಾಗ ಅವಳು ಕೇಳಿದಳು, "ಆಯಿ, ಇಷ್ಟ ಸೋಲ್ತಿಯಲ್ಲ, ನಿನಗ ನಾಚಿಕಿ ಬರಂಗಿಲ್ಲೇನ?"

"ಯಾಕ ನಾಚಿಕಿ? ಇಲ್ಲೆ ಯಾರ ಬೆನ್ನಿಗಿ ಮಣ್ಣ ಹತ್ತೇತಿ?"

ನೀಲಾ ರಿಮೋಟು ಕೆಳಗಿಟ್ಟಳು. ಬೇಕೆಂದೇ ನಾನು ನನ್ನ ಬಚ್ಚಲಮನೆಯ ವಿದ್ಯೆಯನ್ನು ಆಗ ಹೇಳಿದೆ. ಅಜ್ಜನ ಬೆನ್ನು ಓದಿ ಸೋಲು ಗೆಲುವು ತಿಳಿಯುತ್ತಿದ್ದುದನ್ನು ಹೇಳಿದೆ. ಅವಳ ಕಣ್ಣು ಅಗಲವಾಯಿತು.

"ಅಜ್ಜಾನೂ ಸೋತಿದ್ನೇನ? ಗ್ವಾಡಿ ಮ್ಯಾಲಿನ ಫೋಟೊದಾಗ ಎಲ್ಲಾ ಕಡೆ ಗೆದ್ದಾನಲ್ಲ?"

"ಸೋತಾಗ ಯಾರ ಫೋಟೊ ತಗೀತಾರವಾ?"

ಹುಡುಗಿ ಎದ್ದು ಪಡಸಾಲೆಗೆ ಓಡಿದಳು. "ಅಜ್ಜಾ, ನೀ ಎಷ್ಟ ಕುಸ್ತಿ ಸೋತಿ?"

ಪೈಲ್ವಾನರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಆ ದವಡೆಯಿಂದ ಈ ದವಡೆಗೆ ಸರಿಸಿದರು. "ಅದನ್ಯಾರ ಎಣಿಸ್ಯಾರ?"

"ನಾ ಎಣಿಸೇನ್ರಿ" ಎಂದು ನಾನು ಒಳಗಿನಿಂದ ಕೂಗಿದೆ.

ಅಜ್ಜ ನಗತೊಡಗಿದರು. ಆ ಸಂಜೆ ಅವರು ತಮ್ಮ ಸೋಲುಗಳನ್ನೆಲ್ಲ ಒಂದೊಂದಾಗಿ, ಎದುರಿನವನು ಹಾಕಿದ ಎಂಥ ಡಾವಿಗೆ ಹೇಗೆ ಬಿದ್ದೆ ಎಂದು ನೆಲದ ಮೇಲೆ ಉರುಳಿ ತೋರಿಸಿದರು. ಗೆದ್ದ ಕುಸ್ತಿಗಳನ್ನು ಹೇಳುವಾಗಲೂ ಅವರಿಗೆ ಅಷ್ಟು ಹುರುಪು ಬಂದದ್ದನ್ನು ನಾನು ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಗರಡಿಗೆ ಹೊರಡುವಾಗ ಅವರ ಹಿಂದೆ ಮತ್ತೊಂದು ಜೋಡಿ ಚಪ್ಪಲಿಯ ಸಪ್ಪಳವಿತ್ತು.

ಗಜೇಂದ್ರಗಡದ ಕುಸ್ತಿಗೆ ನಾನು ಹೋಗಲಿಲ್ಲ. ಅಲ್ಲಿ ಕಣ ನೋಡುವುದಕ್ಕಿಂತ ಇಲ್ಲಿ ನೀರು ಕಾಯಿಸುವುದು ನನಗೆ ಒಗ್ಗಿದ ಕೆಲಸ. ಸಂಜೆ ಬಸ್ಸಿನಿಂದ ಇಳಿದು ಬಂದ ಅಜ್ಜ ನನ್ನ ಮುಖ ನೋಡದೆ ಕಟ್ಟೆಯ ಮೇಲೆ ಕುಳಿತರು. ನೀಲಾ ನೇರ ಬಚ್ಚಲಿಗೆ ಹೋದಳು. ಅಗಳಿಯ ಸಪ್ಪಳಕ್ಕಾಗಿ ಕಿವಿಗೊಟ್ಟು ನಿಂತೆ. ಅಗಳಿ ಬೀಳಲಿಲ್ಲ.

"ಆಯಿ, ಲಗೂ ಬಾ ಇಲ್ಲೆ!"

ಹೋಗಿ ನೋಡಿದರೆ ಬಾಗಿಲು ಹಾರು ಹೊಡೆದಿದೆ. ಮಣ್ಣಾದ ಅಂಗಿಯಲ್ಲೇ, ನನಗೆ ಬೆನ್ನು ತಿರುಗಿಸಿ ನಿಂತಿದ್ದಾಳೆ. "ಓದ ನೋಡೂಣು" ಎಂದಳು.

ಓದಿದೆ. ಬೆನ್ನ ತುಂಬ ಕೆಂಪು ಮಣ್ಣು, ಜಡೆಯ ತುದಿಯವರೆಗೆ. ಚೀತ್ ಆಗಿದ್ದಾಳೆ, ಸಂಶಯವಿಲ್ಲ. ಆದರೆ ಮೊಣಕಾಲಿಗೂ ಮಣ್ಣು, ಮೊಣಕೈಗೂ ಮಣ್ಣು, ಕಿವಿಯೊಳಗೂ ಮಣ್ಣು. ಭಾಳ ಹೊತ್ತು ಬಿಟ್ಟುಕೊಟ್ಟಿಲ್ಲ. ಭುಜದ ಮೇಲೆ ಐದು ಬೆರಳು ಎದ್ದು ಕಾಣುವ ಒಂದು ಅಂಗೈ ಗುರುತು.

"ಇದ್ಯಾರ ಕೈಯವಾ?"

"ನನ್ನ ಕೆಡವಿದಾಕಿದು. ಎಬ್ಬಿಸಿ, ಭುಜಾ ಚಪ್ಪರಿಸಿ, ಮುಂದಿನ ಸಲಾನೂ ನೀನ ಬಾ ಅಂದ್ಲು. ಹೂಂ ಅಂದೇನಿ. ನೀರ ಹಾಕ ಆಯಿ, ಮೈ ಕಡ್ಯಾಕತ್ತೈತಿ."

ನಾನು ಆ ಕೈ ಗುರುತನ್ನು ಕೊನೆಗೆ ತೊಳೆದೆ.

ಪೇಢೆ ಯಾಕೆಂದು ಈಗ ನಿಮಗೆ ತಿಳಿಯಿತಲ್ಲ. ಆ ಆಟ ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ. ಬಿದ್ದವರನ್ನು ಬೈಯದೆ ಮತ್ತೆ ಆಡುತ್ತೀಯಾ ಎಂದು ಕೇಳುವ ಒಳ್ಳೆಯ ಬುದ್ಧಿ ಅವರಿಗಿದೆ. ಇನ್ನೊಂದು ಆಟ ಮಾಡುವುದಿದ್ದರೆ, ಕಂಬವನ್ನು ಪಕ್ಕಕ್ಕೆ ಸರಿಸಿ, ಶುರುವಿಗೆ ಒಂದು ಹಿಡಿ ಮಣ್ಣು ಕೊಡಿಸಲಿ. ಕೊನೆಗೆ ಒಂದು ಬಚ್ಚಲಮನೆ ಇಡಲಿ. ಹಂಡೆಯಲ್ಲಿ ಬಿಸಿನೀರಿದ್ದರೆ ಸಾಕು, ಬಾಗಿಲಿಗೆ ಅಗಳಿ ಬೇಡ.